ಒಳಚಿಲಕ

ನಿರಾಶ್ರಿತರ ಬಿಡಾರ, ಪಶ್ಚಿಮ ನೇಪಾಳ
೧೮ ನವೆಂಬರ್ ೨೦೨೩

ಅಕ್ಕ,

ಬಂದು ಸೇರಿದ್ದೇನೆ, ಜೀವಂತ ಇದ್ದೇನೆ. ಮೊದಲು ಇಷ್ಟು ಓದಿಕೊಂಡು ಸಮಾಧಾನ ಮಾಡಿಕೋ. ಫೋನಿಗೆ ಕಾಯಬೇಡ. ಭೂಕಂಪದ ದಿನ ಬಿದ್ದ ಮೊಬೈಲ್ ಟವರು ಇನ್ನೂ ಎದ್ದಿಲ್ಲ. ಸಿಗ್ನಲ್ ಬೇಕೆಂದರೆ ಗುಡ್ಡದ ನೆತ್ತಿ ಹತ್ತಬೇಕು, ಇಡೀ ಬಿಡಾರಕ್ಕೆ ನಾನೊಬ್ಬಳೇ ನರ್ಸು, ಹತ್ತುವಷ್ಟು ಪುರುಸೊತ್ತು ನನಗಿಲ್ಲ. ನಮ್ಮ ಸಂಸ್ಥೆಯ ಲಾರಿ ಓಡಿಸುವ ಮಹದೇವಣ್ಣನ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ.

ಇಲ್ಲಿ ಮನೆ ಎನ್ನುವುದು ಉಳಿದಿಲ್ಲ. ಕಲ್ಲಿಗೆ ಮಣ್ಣು ಮೆತ್ತಿ ಕಟ್ಟಿದ ಗೋಡೆಗಳು ಮಲಗಿದವರ ಮೇಲೇ ಕುಸಿದವು. ಬದುಕಿದವರು ಶಾಲೆಯ ಮೈದಾನದಲ್ಲಿ ಗುಡಾರ ಹಾಕಿಕೊಂಡಿದ್ದಾರೆ. ನಾನು ಬಂದ ದಿನವೇ ಒಂದು ಟಾರ್ಪಾಲಿಗಾಗಿ ಒಡಹುಟ್ಟಿದ ಅಣ್ಣ ತಮ್ಮ ಕುಡುಗೋಲು ಎತ್ತಿಕೊಂಡರು. ತಮ್ಮನ ಕಿವಿ ಅರ್ಧ ಹರಿದು ಜೋತಾಡುತ್ತಿತ್ತು. ಮರಗಟ್ಟಿಸುವ ಇಂಜೆಕ್ಷನ್ ಇನ್ನೂ ಬಂದಿರಲಿಲ್ಲ. ಕಡಿದ ಅಣ್ಣನೇ ಅವನ ತಲೆ ಅದುಮಿ ಹಿಡಿದುಕೊಂಡ, ನಾನು ಹೊಲಿದೆ. ಇಬ್ಬರೂ ಅಳುತ್ತಿದ್ದರು. ನಿನ್ನ ತಂಗಿಗೆ ಅಳು ಬರಲಿಲ್ಲ ಎಂದು ಹೆಮ್ಮೆಯಿಂದ ತಿಳಿಸುತ್ತೇನೆ.

ಈಗ ಕೆಲಸದ ಮಾತು. ಇಲ್ಲಿ ಕಕ್ಕಸಿಗೆಂದು ಮರದ ಚೌಕಟ್ಟಿಗೆ ತಗಡು ಹೊಡೆದು ಗೂಡುಗಳನ್ನು ನಿಲ್ಲಿಸಿದ್ದಾರೆ. ಬಾಗಿಲಿದೆ, ಒಳಚಿಲಕ ಇಲ್ಲ. ಹೋದ ವಾರ ಒಬ್ಬ ಹುಡುಗಿಯನ್ನು ಅದರೊಳಗಿಂದಲೇ ಎಳೆದುಕೊಂಡು ಹೋಗಿದ್ದರು. ಬಾಯಿಗೆ ಮಣ್ಣು ತುರುಕಿದ್ದರು. ನಾನು ಅದನ್ನು ಬೆರಳಿನಿಂದ ತೆಗೆದೆ. ಆ ಮೇಲಿಂದ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆ. ಕುಡಿದರೆ ಹೋಗಬೇಕಲ್ಲ. ಉರಿಮೂತ್ರ, ಜ್ವರ, ತಲೆಸುತ್ತು, ಬೆಳಗಿನಿಂದ ಇದೇ ಸಾಲು.

ಅಕ್ಕಿ ಸಾಕಷ್ಟಿದೆ. ನನಗೆ ಚಿಲಕ ಬೇಕು, ಜೊತೆಗೆ ಸ್ಕ್ರೂ. ಭಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಪೆಟ್ಟಿಗೆಗಟ್ಟಲೆ ಬಿದ್ದಿರುತ್ತವಲ್ಲ. ಬಡಾವಣೆಗೇ ಅಧ್ಯಕ್ಷರು ಬೇರೆ. ನಾನು ಕೇಳಿದೆ ಎಂದರೆ ಅವರದು ಎರಡನೇ ಮಾತಿರುವುದಿಲ್ಲ.

ಸಿಂಚನಳಿಗೆ ಮುತ್ತು. ಪರೀಕ್ಷೆಗೆ ಓದಲು ಹೇಳು.

ನಿನ್ನ
ರಕ್ಷಿತಾ


ಶ್ರೀರಾಂಪುರ, ಮೈಸೂರು
೨೭ ನವೆಂಬರ್ ೨೦೨೩

ಮುದ್ದು ರಕ್ಷಿ,

ನಿನ್ನ ಕಾಗದ ಮೂರು ಸಲ ಓದಿದೆ. ಆ ಕಿವಿಯ ವಿಷಯ ಬರೆಯಬೇಡ ಮಾರಾಯ್ತಿ, ಊಟ ಸೇರಲಿಲ್ಲ.

ಇಲ್ಲಿ ಸಡಗರವೋ ಸಡಗರ. ಬಡಾವಣೆಯವರೆಲ್ಲ ಸೇರಿ ಒಂದು ಲಾರಿ ತುಂಬಿಸಿದ್ದೇವೆ. ನೊಂದ ಹೆಣ್ಣುಮಕ್ಕಳಿಗೆ ಬರೀ ಸೋಪು ಟವೆಲ್ಲು ಕೊಟ್ಟರೆ ಏನು ಚೆನ್ನ ಎಂದು ಬಾಗಿನದ ಹಾಗೆ ಒಂದೊಂದು ಪೊಟ್ಟಣ ಕಟ್ಟಿದೆವು. ರವಿಕೆ ಕಣ, ಕನ್ನಡಿ, ಬಾಚಣಿಗೆ, ಅರಿಶಿನ ಕುಂಕುಮ, ಕೆಂಪು ಗಾಜಿನ ಬಳೆ, ಆಮೇಲೆ ಸೋಪು ಮತ್ತು ಟವೆಲ್ಲು. ಲಾರಿಯನ್ನು ಬೆಟ್ಟಕ್ಕೆ ಒಯ್ದು, ತಾಯಿಯ ಮುಂದೆ ನಿಲ್ಲಿಸಿ, ಪೂಜೆ ಮಾಡಿಸಿಯೇ ಕಳಿಸುತ್ತಿರುವುದು. ನಿನ್ನ ಭಾವ ಫ್ಲೆಕ್ಸ್ ಮಾಡಿಸಿದ್ದಾರೆ, ಲಾರಿಯ ಮೂರು ಕಡೆಯೂ ಅವರ ಮುಖ. ಮಹದೇವಣ್ಣ, “ಕನ್ನಡೀಲಿ ಹಿಂದ್ಗಡೆ ರೋಡ್ ಕಾಣಲ್ಲ ಕಣಮ್ಮ, ಯಜಮಾನ್ರೇ ಕಾಣ್ತಾರೆ” ಎಂದು ನಕ್ಕ.

ಚಿಲಕದ ವಿಷಯ ಹೇಳಿದೆ. ಸದ್ಯಕ್ಕೆ ಸ್ಟಾಕ್ ಇಲ್ಲವಂತೆ.

ನನ್ನ ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮೂಳೆ ಮುರಿದು ಪಟ್ಟಿ ಹಾಕಿದ್ದಾರೆ, ಮೊಣಕೈ ಕೆಳಗೆ ಹೊರಮಗ್ಗುಲಿಗೆ. ಇನ್ನೊಂದು ಮಾತು, ಸಿಗ್ನಲ್ ಸಿಕ್ಕರೂ ನನಗೆ ಫೋನ್ ಮಾಡಬೇಡ. ನನ್ನ ಫೋನು ಸರಿಯಿಲ್ಲ. ಕಾಗದವನ್ನೇ ಕಳಿಸು. ಮನೆಗೆ ಬೇಡ. ನಜರ್‌ಬಾದಿನಲ್ಲಿರುವ ನಿಮ್ಮ ಸಂಸ್ಥೆಯ ಉಗ್ರಾಣಕ್ಕೆ ನಾನೇ ಹೋಗಿ ಮಹದೇವಣ್ಣನಿಂದ ತೆಗೆದುಕೊಳ್ಳುತ್ತೇನೆ. ಹಾಗೇ ತರಕಾರಿ ತಂದಂತೆಯೂ ಆಗುತ್ತದೆ.

ಚಳಿ ಜೋಪಾನ.

ನಿನ್ನ ಅಕ್ಕ
ದಿವ್ಯ


ಬಿಡಾರ
೯ ಡಿಸೆಂಬರ್ ೨೦೨೩

ಅಕ್ಕ,

ನಿಮ್ಮ ಬಾಗಿನ ತಲುಪಿತು. ಏನಾಯಿತು ಎಂದು ಬರೆಯುತ್ತೇನೆ, ಊಟ ಸೇರದಿದ್ದರೂ ಓದು.

ಇಲ್ಲಿ ಮನ್‌ಮಾಯಾ ಎಂಬ ಹುಡುಗಿ ಇದ್ದಾಳೆ. ಮೊಲೆ ಕುಡಿಯುವ ಮಗು ಕಂಕುಳಲ್ಲಿ, ಗಂಡ ತೊಲೆಯ ಕೆಳಗೆ ಸಿಕ್ಕಿ ಸತ್ತ. ಮಗುವಿಗೆ ಟವೆಲ್ಲು ಬೇಕಿತ್ತು, ಸಾಲಿನಲ್ಲಿ ನಿಂತು ಒಂದು ಪೊಟ್ಟಣ ತೆಗೆದುಕೊಂಡಳು. ಈ ಗುಡ್ಡದಲ್ಲಿ ಕೆಂಪು ಬಳೆ, ಕುಂಕುಮ ಮುತ್ತೈದೆಯರಿಗೆ ಮಾತ್ರ. ಅವಳ ಮೈದುನ, ನಾನೇ ಕಿವಿ ಹೊಲಿದೆನಲ್ಲ, ಅದೇ ಮಹಾನುಭಾವ, ಅವಳ ಕೈಯಲ್ಲಿ ಪೊಟ್ಟಣ ನೋಡಿದ. ಸಾಲಿನಿಂದ ಜುಟ್ಟು ಹಿಡಿದು ಗದ್ದೆಯ ಬದುವಿನವರೆಗೆ ಎಳೆದ. ಬಳೆಗಳನ್ನು ಅವಳ ಕೈಗೆ ತುರುಕಿ, ಮಣಿಕಟ್ಟನ್ನು ಬಂಡೆಯ ಮೇಲಿಟ್ಟು, ಕಲ್ಲಿನಿಂದ ಜಜ್ಜಿದ. ಮಗು ಪಕ್ಕದಲ್ಲೇ ಬಿದ್ದು ಕಿರುಚುತ್ತಿತ್ತು. ಗಂಡಸರು ನಿಂತು ನೋಡಿದರು. ನಾನು ಓಡಿ ಹೋಗುವಷ್ಟರಲ್ಲಿ ಮುಗಿದಿತ್ತು. ಚಿಮಟದಿಂದ ಗಾಜು ತೆಗೆಯುತ್ತ ಕುಳಿತೆ. ತೆಗೆದಷ್ಟೂ ಒಳಗಿತ್ತು.

ನಾಚಿಕೆಯಾಗಬೇಕು ನಮಗೆ. ನಮ್ಮ ದೊಡ್ಡಮ್ಮನ ಬಳೆ ಒಡೆದದ್ದನ್ನು ನಾವಿಬ್ಬರೂ ಕಂಬದ ಹಿಂದೆ ನಿಂತು ನೋಡಿದ್ದೆವು. ನೀನು ನನ್ನ ಕಣ್ಣು ಮುಚ್ಚಿದ್ದೆ. ಅಷ್ಟು ಗೊತ್ತಿದ್ದೂ, ಗಂಡಂದಿರು ಸತ್ತ ಊರಿಗೆ ಕುಂಕುಮ ಬಳೆ ಕಟ್ಟಿ ಕಳಿಸಿದೆಯಲ್ಲ! ಒಂದು ಸಲವಾದರೂ ನಾನು ಏನು ಕೇಳಿದ್ದೆ ಎಂದು ನೆನಪಾಗಲಿಲ್ಲವೇ?

ಈ ಮೈದುನನಿಗೆ ಬಳೆ ಒಂದು ನೆಪ. ಮನ್‌ಮಾಯಾಳಿಗೆ ಬೇರೆ ಸಂಸಾರವೆಂದು ಬೇರೆ ಗುಡಾರ ಕೊಟ್ಟಿದ್ದಾರೆ. ಅವನಿಗೆ ಆ ಗುಡಾರ ಬೇಕು, ಅವಳೂ ಬೇಕು. ಮತ್ತೆ ಬರುತ್ತಾನೆ. ಅವಳು ಕಕ್ಕಸಿಗೆ ಹೋದಾಗ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು, ಎಷ್ಟು ದಿನ ನಿಲ್ಲುತ್ತಾರೆ? ಚಿಲಕ ಕಳಿಸು ಎಂದರೆ ಸ್ಟಾಕ್ ಇಲ್ಲ ಎನ್ನುತ್ತೀಯ. ಕೋಣೆಗೊಂದು ತೇಗದ ಬಾಗಿಲಿರುವ ಮನೆಯಲ್ಲಿ ಕುಳಿತವಳು ನೀನು. ಒಳಗಿನಿಂದ ಹಾಕಿಕೊಳ್ಳಲಾಗದ ಬಾಗಿಲ ಹಿಂದೆ ಇರುವುದು ಎಂದರೇನು ಎಂದು ನಿನಗೆ ಹೇಗೆ ಗೊತ್ತಾಗಬೇಕು!

ಕೋಪದಲ್ಲಿದ್ದೇನೆ. ತಣ್ಣಗಾದ ಮೇಲೆ ಬರೆದರೂ ಇದನ್ನೇ ಬರೆಯುತ್ತೇನೆ.

ರಕ್ಷಿತಾ


ಶ್ರೀರಾಂಪುರ
೧೮ ಡಿಸೆಂಬರ್ ೨೦೨೩

ರಕ್ಷಿ,

ತಪ್ಪಾಯಿತು. ಆ ಹುಡುಗಿಯ ಕೈ ಕಣ್ಣಿಗೆ ಕಟ್ಟಿದ ಹಾಗಿದೆ.

ನಿನ್ನ ಭಾವನನ್ನು ಮತ್ತೆ ಕೇಳಿದೆ. “ಚಿಲ್ಕ ಕೊಟ್ರೆ ಫೋಟೋದಲ್ಲಿ ಏನೇ ಕಾಣ್ತದೆ? ಕಂಬ್ಳಿ ಕೊಟ್ರೆ ಕಾಣ್ತದೆ. ಸುಮ್ನೆ ಇದ್ಬುಡು” ಎಂದರು. ಆದ್ದರಿಂದ ಈ ಸಲ ಕಂಬಳಿ ಬರುತ್ತಿದೆ.

ಚಿಲಕಕ್ಕೆ ನಾನು ಏನಾದರೂ ಮಾಡುತ್ತೇನೆ, ಸ್ವಲ್ಪ ತಾಳು. ಅಷ್ಟರೊಳಗೆ ನೀನು ಬಾಗಿಲುಗಳನ್ನು ಸಿದ್ಧ ಮಾಡಿಸಿಕೋ. ಬರೀ ತಗಡಿಗೆ ಸ್ಕ್ರೂ ನಿಲ್ಲುವುದಿಲ್ಲ, ಹಿಂದೆ ಮರದ ಪಟ್ಟಿ ಕೊಡಿಸು. ಚಿಲಕವನ್ನು ಮೇಲ್ಗಡೆ ಹಾಕಬೇಡ, ಒದೆ ಬೀಳುವುದು ಕೆಳಗೆ, ಬಾಗಿಲು ಬಾಗಿ ಸಂದಿ ಬಿಡುತ್ತದೆ. ನಡುವೆ ಹಾಕು. ಒದ್ದಾಗ ಮೊದಲು ಕಿತ್ತು ಬರುವುದು ಚಿಲಕವಲ್ಲ, ಅದು ಹೋಗಿ ಸೇರುವ ಕೊಂಡಿ. ಅದಕ್ಕೆ ಪೆಟ್ಟಿಗೆಯಲ್ಲಿ ಬರುವ ಚಿಕ್ಕ ಸ್ಕ್ರೂ ಹಾಕಿದರೆ ಎರಡನೇ ಒದೆಗೆ ಬರುತ್ತದೆ. ಉದ್ದದ್ದು ಹಾಕಿದರೆ ತಡೆಯುತ್ತದೆ. ಬೆನ್ನು ಕೊಟ್ಟು ಬಾಗಿಲು ಹಿಡಿಯಬಾರದು ಎಂದು ಮನ್‌ಮಾಯಾಳಿಗೆ ಹೇಳು. ಬಾಗಿಲು ಬಂದು ಬೆನ್ನಿಗೇ ಬಡಿಯುತ್ತದೆ.

ಹಾರ್ಡ್‌ವೇರಿನವರ ಹೆಂಡತಿ, ಇಷ್ಟೂ ತಿಳಿಯದಿದ್ದರೆ ಹೇಗೆ.

ದಿವ್ಯ


ಬಿಡಾರ
೩೦ ಡಿಸೆಂಬರ್ ೨೦೨೩

ಅಕ್ಕ,

ಕಂಬಳಿ ಬಂದಿತು, ಒಳ್ಳೆಯದೇ ಆಯಿತು. ಮನ್‌ಮಾಯಾಳನ್ನು ಅದರಲ್ಲೇ ಸುತ್ತಿ ಮಲಗಿಸಿದ್ದೇನೆ.

ಮೊನ್ನೆ ಬೆಳಗ್ಗೆ ಅವಳು ಕಕ್ಕಸಿನೊಳಗಿದ್ದಳು. ಹೊರಗೆ ನಿಲ್ಲಬೇಕಾದವಳು ನೀರಿನ ಸಾಲಿಗೆ ಹೋಗಿದ್ದಳು. ಅವನು ಬಂದ. ನೀನು ಹೇಳಿದ್ದನ್ನು ಅವಳಿಗೆ ಹೇಳಿದ್ದೆ, ಬೆನ್ನು ಕೊಡಬೇಡ ಎಂದು. ಹಾಗೆಂದು ಬಾಗಿಲಿನ ಅಂಚನ್ನು ಬೆರಳುಗಳಿಂದ ಹಿಡಿದು ಎಳೆದುಕೊಂಡಿದ್ದಳು. ಹಿಡಿಯಲು ಬೇರೆ ಏನಿತ್ತು? ಅವನು ತಗಡಿನ ಬಾಗಿಲನ್ನು ಅವಳ ಬೆರಳುಗಳ ಮೇಲೆಯೇ ಒದ್ದ. ಒದ್ದು, ಮತ್ತೆ ಒದ್ದ. ಆಮೇಲೆ ಎಳೆದು ಹೊರಗೆ ಹಾಕಿ, ಎದೆಯ ಮೇಲೆ ಕುಳಿತು ಕುತ್ತಿಗೆ ಹಿಸುಕಿದ.

ನನ್ನ ಗುಡಾರದ ಹಗ್ಗಕ್ಕೆ ಬಡಿದಿದ್ದ ಕಬ್ಬಿಣದ ಗೂಟ ಕಿತ್ತುಕೊಂಡು ಓಡಿದೆ. ಹೆದರಿಸಲು ಹೊಡೆದೆ ಎಂದು ಇಲ್ಲಿಯ ಪೊಲೀಸರಿಗೆ ಹೇಳಿದ್ದೇನೆ. ನಿನಗೆ ಸುಳ್ಳು ಹೇಳುವುದಿಲ್ಲ. ಸಾಯಲಿ ಎಂದೇ ಹೊಡೆದೆ. ದವಡೆ ಮುರಿದ ಸದ್ದು ಕೇಳಿಸಿತು, ಕೇಳಿ ಖುಷಿಯಾಯಿತು. ಎರಡನೆಯ ಏಟಿಗೆ ನಾನು ಹಾಕಿದ್ದ ಹೊಲಿಗೆಯೇ ಬಿಚ್ಚಿಕೊಂಡಿತು. ಮೂರನೆಯದಕ್ಕೆ, ಅವತ್ತು ಕಿವಿ ಕಡಿದಿದ್ದ ಅವನ ಅಣ್ಣನೇ ಬಂದು ಗೂಟ ಹಿಡಿದುಕೊಂಡ. ಆಮೇಲೆ ಕೈ ತೊಳೆದುಕೊಂಡು ಬಂದು ಅವನಿಗೆ ನಾನೇ ಕಟ್ಟು ಕಟ್ಟಿದೆ, ಬೇರೆ ಯಾರಿದ್ದಾರೆ ಇಲ್ಲಿ? ಅವನು ಈಗ ಪೊಲೀಸರ ಕಾವಲಿನಲ್ಲಿ ಕೆಳಗಿನ ಪೇಟೆಯ ಆಸ್ಪತ್ರೆಯಲ್ಲಿದ್ದಾನೆ. ಮನ್‌ಮಾಯಾಳ ಎರಡು ಬೆರಳು ಉಳಿಯಲಿಲ್ಲ.

ಅವಳ ಪಕ್ಕದಲ್ಲಿ ಕುಳಿತು ನಿನ್ನ ಕಾಗದವನ್ನು ಮತ್ತೆ ಓದಿದೆ. ಅಕ್ಕ, ಎರಡನೇ ಒದೆಗೆ ಕೊಂಡಿ ಬರುತ್ತದೆ ಎಂಬುದು ಅಂಗಡಿಯಲ್ಲಿ ಕಲಿಯುವ ವಿಷಯವಲ್ಲ. ಬಾಗಿಲು ಬೆನ್ನಿಗೆ ಬಡಿಯುತ್ತದೆ ಎಂಬುದೂ ಅಲ್ಲ. ಜಾರಿ ಬಿದ್ದವರಿಗೆ ಮೂಳೆ ಮುರಿಯುವುದು ಮಣಿಕಟ್ಟಿನ ಹತ್ತಿರ. ಹೊರಮಗ್ಗುಲಿಗೆ ಏಟು ಬೀಳುವುದು ಮುಖದ ಮುಂದೆ ಕೈ ಅಡ್ಡ ಹಿಡಿದವರಿಗೆ. ಇದನ್ನು ನಾನು ಇಲ್ಲಿ ದಿನವೂ ನೋಡುತ್ತೇನೆ, ನಿನ್ನ ಕಾಗದದಲ್ಲಿ ಮಾತ್ರ ನೋಡಲಿಲ್ಲ.

ಯಾರು ಹೊಡೆದದ್ದು? ಒಂದೇ ಸಾಲು ಬರೆ. ಭಾವನೇ?

ರಕ್ಷಿ


ನಜರ್‌ಬಾದ್, ಮೈಸೂರು
೮ ಜನವರಿ ೨೦೨೪

ರಕ್ಷಿ,

ಹೌದು.

ಉಗ್ರಾಣದ ಮೆಟ್ಟಿಲ ಮೇಲೆ ಕುಳಿತು ಬರೆಯುತ್ತಿದ್ದೇನೆ. ಮಹದೇವಣ್ಣ ಟೀ ತಂದುಕೊಟ್ಟು, ಬೇಕೆಂದೇ ಬೆನ್ನು ತಿರುಗಿಸಿ ನಿಂತಿದ್ದಾನೆ.

ಎರಡು ವರ್ಷದ ಹಿಂದೆ ಯುಗಾದಿಯ ದಿನ, ಒಬ್ಬಟ್ಟಿನ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಶುರುವಾಯಿತು. ಮೊದಲೂ ಕೈ ಎತ್ತುತ್ತಿದ್ದರು, ಆ ದಿನ ಸಿಂಚನ ಅಡ್ಡ ಬಂದಳು, ಅವಳನ್ನೂ ಬಿಡಲಿಲ್ಲ. ಅವಳನ್ನು ಎಳೆದುಕೊಂಡು ಬಚ್ಚಲಿಗೆ ಓಡಿ ಚಿಲಕ ಹಾಕಿದೆ. ಬೆನ್ನು ಕೊಟ್ಟು ನಿಂತೆ. ಎರಡನೇ ಒದೆಗೆ ಕೊಂಡಿ ಹಾರಿ ಬಕೆಟ್ಟಿಗೆ ಬಿತ್ತು. ಆಮೇಲಿನದನ್ನು ಬರೆಯುವುದಿಲ್ಲ. ಹೊಡೆದು ಮುಗಿಸಿ, ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು, ಸ್ಕ್ರೂಡ್ರೈವರ್ ತಂದು ಮನೆಯ ಒಳಚಿಲಕಗಳನ್ನೆಲ್ಲ ಒಂದೊಂದಾಗಿ ಬಿಚ್ಚಿದರು. ಬಚ್ಚಲದು, ಕಕ್ಕಸಿನದು, ಮಲಗುವ ಕೋಣೆಯದು. “ನನ್ ಮನೇಲಿ ನಂಗೇ ಬಾಗ್ಲಾ?” ಎಂದರು. ಅವತ್ತಿನಿಂದ ಅಷ್ಟು ಬಾಗಿಲಿದ್ದೂ ಒಂದಕ್ಕೂ ಚಿಲಕ ಇಲ್ಲ. ಕಕ್ಕಸಿನೊಳಗಿದ್ದಾಗಲೂ ಎಳೆದು ತಂದು ಹೊಡೆದಿದ್ದಾರೆ. ಸಿಂಚನ ಸ್ನಾನಕ್ಕೆ ಹೋದರೆ ಬಾಗಿಲಿಗೆ ನೀರು ತುಂಬಿದ ಬಕೆಟ್ ಅಡ್ಡ ಇಡುತ್ತಾಳೆ. ಭಾನುವಾರ, ಅವರು ಮನೆಯಲ್ಲಿರುವ ದಿನ, ಅವಳು ನೀರು ಕುಡಿಯುವುದಿಲ್ಲ. ಅದು ಯಾಕೆಂದು ನನಗೆ ತಿಳಿದದ್ದು ನಿನ್ನ ಮೊದಲ ಕಾಗದ ಓದಿದಾಗ. ಮಗುವಿನ ತಾಯಿ ನಾನು, ನನಗೆ ನೇಪಾಳದಿಂದ ತಿಳಿಯಬೇಕಾಯಿತು.

ನವೆಂಬರಿನಲ್ಲಿ ಕೈಗೆ ಏಟು ಬಿದ್ದದ್ದು ನಿನ್ನ ಚಿಲಕದ ಮಾತು ಎತ್ತಿದ್ದಕ್ಕೆ. “ನಿನ್ ತಂಗಿ ನೆಪ ಮಾಡ್ಕೊಂಡು ನಂಗೆ ಚುಚ್ತೀಯಾ?” ಎಂದು ಬಾಗಿಲಿಗೆ ಹಾಕುವ ಮರದ ಪಟ್ಟಿಯಿಂದ ಹೊಡೆದರು. ಫೋನನ್ನು ದಿನವೂ ತೆಗೆದು ನೋಡುತ್ತಾರೆ, ಅದಕ್ಕೇ ಕಾಗದ. ನಿನಗೆ ಹೇಳಲಿಲ್ಲ, ಯಾಕೆಂದರೆ ನೀನು ಬಿಟ್ಟು ಓಡಿ ಬರುತ್ತೀಯ. ಜೊತೆಗೆ ನಾಚಿಕೆ. ತೇಗದ ಬಾಗಿಲು ಎಂದು ನೀನು ಬರೆದಾಗ ಕಾಗದ ಹರಿದುಹಾಕೋಣ ಎನ್ನಿಸಿತು. ಹರಿಯಲಿಲ್ಲ.

ಈಗ ಕೇಳು. ನಿನ್ನೆ ಅವರಿಗೆ ಸಮಾಜಸೇವಕರೆಂದು ಪುರಭವನದಲ್ಲಿ ಸನ್ಮಾನ ಇತ್ತು. ಶಾಲು ಹೊದಿಸಿಕೊಳ್ಳಲು ಅವರು ಹೋದರು, ನಾನು ಅಂಗಡಿಯ ಕೀ ತೆಗೆದುಕೊಂಡು ಹೋದೆ. ಒಂದು ಪೆಟ್ಟಿಗೆ ಚಿಲಕ, ಉದ್ದ ಸ್ಕ್ರೂಗಳು. ಮಹದೇವಣ್ಣ ಅಕ್ಕಿ ಮೂಟೆಯ ಅಡಿಯಲ್ಲಿ ಸೇರಿಸಿದ್ದಾನೆ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಪೆಟ್ಟಿಗೆಯ ಮೇಲುಗಡೆ ಹಳೆಯವು ಕೆಲವಿವೆ, ಕೆನೆ ಬಣ್ಣದ ಪೇಂಟು ಮೆತ್ತಿದವು. ಅವು ನಮ್ಮ ಮನೆಯವು. ಅಂಗಡಿಯ ಅಟ್ಟದಲ್ಲಿ ಡಬ್ಬಿಯೊಳಗೆ ಹಾಕಿಟ್ಟಿದ್ದರು. ಅಲ್ಲಿ ಯಾರಿಗಾದರೂ ಆಗಲಿ.

ಒಂದನ್ನು ನಾನು ಇಟ್ಟುಕೊಂಡಿದ್ದೇನೆ.

ಅಕ್ಕ


ಬಿಡಾರ
೧೮ ಜನವರಿ ೨೦೨೪

ಅಕ್ಕ,

ಬಂದವು. ಎಲ್ಲ ಬಂದವು.

ನಿನ್ನ ಕಾಗದ ಓದಿ ಗುಡಾರದೊಳಗೆ ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತೆ. ನನಗೆ ಅಳು ಬರುವುದಿಲ್ಲ ಎಂದು ಜಂಬ ಕೊಚ್ಚಿಕೊಂಡಿದ್ದೆನಲ್ಲ. ಕುಂಕುಮ ಬಳೆಗೆ ನಿನ್ನನ್ನು ಬೈದದ್ದು, ಮನೆಯ ಬಗ್ಗೆ ಹಂಗಿಸಿದ್ದು, ಇವಕ್ಕೆ ಕ್ಷಮೆ ಕೇಳಲು ಕಾಗದ ಸಾಲದು. ಭಾವ ಎಂದು ಬರೆಯಲು ಇನ್ನು ಕೈ ಬರುವುದಿಲ್ಲ.

ನೀನು ಹೇಳಿದ ಹಾಗೆಯೇ ಹಾಕಿಸಿದೆವು. ನಡುವೆ, ಹಿಂದೆ ಮರದ ಪಟ್ಟಿ, ಕೊಂಡಿಗೆ ಉದ್ದ ಸ್ಕ್ರೂ. ಹೆಂಗಸರೇ ಸ್ಕ್ರೂಡ್ರೈವರ್ ಕಸಿದುಕೊಂಡು ತಿರುಗಿಸಿದರು. ಕೆನೆ ಬಣ್ಣದ್ದರಲ್ಲಿ ಒಂದನ್ನು ಸ್ನಾನದ ಗೂಡಿಗೆ ಹಾಕಿದೆ. ಮೊದಲು ಒಳಗೆ ಹೋದವಳು ಮನ್‌ಮಾಯಾ. ಉಳಿದ ಮೂರು ಬೆರಳಿನಿಂದ ಚಿಲಕ ಸರಿಸಿದ ಸದ್ದು ಹೊರಗೆ ಕೇಳಿಸಿತು. ಎಷ್ಟು ಹೊತ್ತಾದರೂ ಬರಲಿಲ್ಲ. ಹೆದರಿ ಬಾಗಿಲು ಬಡಿದೆ. “ಏನೂ ಇಲ್ಲ ದೀದಿ, ಸುಮ್ಮನೆ ಕೂತಿದ್ದೇನೆ” ಎಂದಳು. ಈಗ ಹೆಂಗಸರು ನೀರು ಕುಡಿಯುತ್ತಿದ್ದಾರೆ.

ನನ್ನ ಬದಲಿಗೆ ಬರುವ ನರ್ಸು ಫೆಬ್ರವರಿ ಮೊದಲ ವಾರ ಬರುತ್ತಾಳೆ. ಅವಳು ಬಂದ ದಿನವೇ ಹೊರಟುಬಿಡುತ್ತೇನೆ. ನಾನು ಬರುವವರೆಗೆ ಏನೂ ಮಾಡಬೇಡ, ಅವನೆದುರು ಮಾತಾಡಬೇಡ, ಇಟ್ಟುಕೊಂಡ ಚಿಲಕವನ್ನು ಅಡಗಿಸಿಡು. ಇಷ್ಟು ದಿನ ತಾಳಿದ್ದೀಯ, ಇನ್ನೊಂದಿಷ್ಟು ದಿನ ತಾಳು.

ನಿನ್ನ
ರಕ್ಷಿ


ಶ್ರೀರಾಂಪುರ
೨೬ ಜನವರಿ ೨೦೨೪, ಮಧ್ಯಾಹ್ನ

ರಕ್ಷಿ,

ನಿನ್ನ ಕಾಗದ ಇನ್ನೂ ಬಂದಿಲ್ಲ. ಚಿಲಕಗಳು ನಿನ್ನ ಕೈಸೇರಿದವೋ ಇಲ್ಲವೋ ಗೊತ್ತಿಲ್ಲ. ಸೇರಿರಲಿ.

ಸಿಂಚನಳ ಕೋಣೆಯಲ್ಲಿ ನೆಲದ ಮೇಲೆ ಕುಳಿತು ಬರೆಯುತ್ತಿದ್ದೇನೆ. ಬಾಗಿಲು ಹಾಕಿದೆ, ಒಳಗಿನಿಂದ. ನಾನು ಇಟ್ಟುಕೊಂಡಿದ್ದ ಚಿಲಕವನ್ನು ನಾನೂ ಅವಳೂ ಸೇರಿ ನಿನ್ನೆ ಕೂರಿಸಿದೆವು. ಪಾರ್ಕಿನಲ್ಲಿ ಧ್ವಜ ಹಾರಿಸುವ ಸಿದ್ಧತೆಗೆ ಅವನು ಹೋಗಿದ್ದ. ಸ್ಕ್ರೂ ಮರದೊಳಗೆ ಪೂರ್ತಿ ಇಳಿಯುವವರೆಗೆ ಇಬ್ಬರೂ ಸರದಿಯ ಮೇಲೆ ತಿರುಗಿಸಿದೆವು.

ಇವತ್ತು ಬೆಳಗ್ಗೆ ಧ್ವಜದ ಕೆಳಗೆ ನಿಂತು ಭೂಕಂಪದ ಸಂತ್ರಸ್ತರ ಬಗ್ಗೆ ಭಾಷಣ ಮಾಡಿದ. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಅಂಗಡಿಗೆ ಹೋಗಿದ್ದಾನೆ, ಯಾರೋ ಚಿಲಕ ಕೇಳಿದ್ದಾರೆ, ಪೆಟ್ಟಿಗೆ ಇಲ್ಲ. ಅಟ್ಟ ಹತ್ತಿ ನೋಡಿದ್ದಾನೆ, ಡಬ್ಬಿ ಖಾಲಿ. ಬಾಗಿಲ ಆಚೆಯಿಂದ ಅವನು ಕೂಗಾಡುತ್ತಿರುವುದರಿಂದ ಇದೆಲ್ಲ ತಿಳಿಯಿತು. ಗೇಟು ತೆಗೆಯುವಾಗಲೇ ಅವನ ಮುಖ ನೋಡಿದೆ. ಸಿಂಚನಳ ಕೈ ಹಿಡಿದು ಒಳಗೆ ಬಂದುಬಿಟ್ಟೆ.

ಮೊದಲ ಒದೆಗೆ ಗೋಡೆಯ ಗಾರೆ ಉದುರಿತು. ಎರಡನೆಯದಕ್ಕೆ ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟಾಗ ಕೊಂಡಿ ಅಲ್ಲೇ ಇತ್ತು. ಆಮೇಲೆ ಎಣಿಸಲಿಲ್ಲ. “ತೆಗಿಯೇ ಬಾಗ್ಲಾ! ಕತ್ತು ಮುರ್ದಾಕ್ಬುಡ್ತೀನಿ!” ಎನ್ನುತ್ತಿದ್ದಾನೆ. ಈಗ ಸುತ್ತಿಗೆ ತಂದಿದ್ದಾನೆ. ಮೇಲಿನ ಹಲಗೆ ಸೀಳಿದೆ, ಸೀಳಿನಲ್ಲಿ ಅವನ ಬೆರಳು ಕಾಣುತ್ತಿದೆ. ಬೆನ್ನು ಕೊಟ್ಟಿಲ್ಲ ಕಣೆ. ಮಂಚವನ್ನು ಅಡ್ಡ ಎಳೆದು ಈಚೆ ಕುಳಿತಿದ್ದೇವೆ. ತೊಡೆಯ ಮೇಲೆ ಕುಡುಗೋಲಿದೆ, ತೆಂಗಿನಗರಿ ಸವರುವುದು. ಕೈ ಒಳಗೆ ಹಾಕಿದರೆ ಹಾಕಿದ ಕೈಯನ್ನು ಕಡಿಯುತ್ತೇನೆ. ಇದನ್ನು ಬರೆಯುವಾಗ ನನಗೆ ಭಯವಿಲ್ಲ. ಇಷ್ಟು ವರ್ಷ ನನ್ನೊಳಗಿದ್ದದ್ದು ಭಯ ಮಾತ್ರ ಎಂದುಕೊಂಡಿದ್ದೆ, ಅಷ್ಟೇ ಸಿಟ್ಟೂ ಇತ್ತು.

ಸಿಂಚನ ನನ್ನ ಫೋನಿನಿಂದಲೇ ಪೊಲೀಸರಿಗೆ ಹೇಳಿದ್ದಾಳೆ. ವಿಳಾಸವನ್ನು ಬಿಡಿಸಿ ಬಿಡಿಸಿ ಹೇಳಿದಳು. ಕಿಟಕಿಯಿಂದ ನೋಡಿದರೆ ಗೇಟಿನ ಆಚೆ ಬಡಾವಣೆಯವರು ನಿಂತಿದ್ದಾರೆ. ಲಾರಿಗೆ ಕೈ ಎತ್ತಿ ಕೊಟ್ಟವರೇ ಎಲ್ಲ. ಒಬ್ಬರೂ ಗೇಟು ದಾಟಿಲ್ಲ. ಅವರು ಬರದಿದ್ದರೂ ಇವತ್ತು ನಡೆಯುತ್ತದೆ. ಈ ಬಾಗಿಲನ್ನು ತೆಗೆಯುವವಳು ನಾನು, ಜೀಪು ಬಂದು ಅವನನ್ನು ಹಿಡಿದ ಮೇಲೆ ತೆಗೆಯುತ್ತೇನೆ.

ಇದನ್ನು ಮಹದೇವಣ್ಣನಿಗೆ ಹೇಗೆ ತಲುಪಿಸುತ್ತೇನೋ ತಿಳಿಯದು. ಬರೆಯದೇ ಕುಳಿತರೆ ಸುತ್ತಿಗೆಯ ಸದ್ದೇ ಕೇಳುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಇನ್ನೊಂದು ಹಲಗೆ ಸೀಳಿತು. ಕೊಂಡಿ ಅಲುಗಿಲ್ಲ.

ಬೆಳಗ್ಗೆಯೇ ಒಂದು ಕೊಡ ನೀರು ತಂದು ಒಳಗಿಟ್ಟಿದ್ದೆ. ಸಿಂಚನ ಬಗ್ಗಿಸಿಕೊಂಡು ಕುಡಿಯುತ್ತಿದ್ದಾಳೆ. ಇದು ಎರಡನೇ ಲೋಟ.

ದಿವ್ಯ